ಒಂದು ಕಡೆ ಗಿಲೋಟಿನ್, ಇನ್ನೊಂದು ಕಡೆ ಸಿಂಫನಿ: ಹೈಡನ್, ಮೊಜಾರ್ಟ್, ಬೀಥೋವನ್ ಕಾಲದ ಬಗ್ಗೆ ಒಂದು ಪ್ರಶ್ನೆ

ಪಿಟೀಲು ಹುಡುಗಿ:
ಎಲ್ಲರಿಗೂ ನಮಸ್ಕಾರ. ಹನ್ನೊಂದು ವರ್ಷದಿಂದ ಕರ್ನಾಟಕ ಸಂಗೀತದ ಪಿಟೀಲು ಕಲಿಯುತ್ತಿದ್ದೇನೆ. ಹೋದ ವರ್ಷದಿಂದ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಹುಚ್ಚು ಹಿಡಿದಿದೆ. ಬಸ್ಸಿನಲ್ಲಿ ಹೋಗುವಾಗ, ಅಡುಗೆ ಮಾಡುವಾಗ, ಕಿವಿಯಲ್ಲಿ ಹೈಡನ್ ಅಥವಾ ಮೊಜಾರ್ಟ್.

ಎಲ್ಲಿ ಓದಿದರೂ ಒಂದೇ ಮಾತು. ಸುಮಾರು 1750ರಿಂದ 1820ರವರೆಗಿನ ಈ ಸಂಗೀತ ಅಂದರೆ ಸಮತೋಲ, ಹದ, ಅಚ್ಚುಕಟ್ಟು. ಸರಿ, ಕೇಳಿದರೆ ಹಾಗೇ ಅನಿಸುತ್ತದೆ. ಆದರೆ ಇಸವಿ ನೋಡಿ. 1789ರಲ್ಲಿ ಫ್ರೆಂಚ್ ಕ್ರಾಂತಿ ಶುರುವಾಗಿ ಪ್ಯಾರಿಸ್ಸಿನ ಬಾಸ್ಟೀಲ್ ಎಂಬ ಕೋಟೆ ಜೈಲು ಬಿತ್ತು. 1793ರಲ್ಲಿ ಗಿಲೋಟಿನ್ ಎಂಬ ತಲೆ ಕಡಿಯುವ ಯಂತ್ರಕ್ಕೆ ಫ್ರಾನ್ಸಿನ ರಾಜ, ರಾಣಿ ಇಬ್ಬರ ತಲೆಯೂ ಹೋಯಿತು. ಆಮೇಲೆ ನೆಪೋಲಿಯನ್ ಎರಡು ಸಲ ಈ ಸಂಗೀತಗಾರರ ಊರಾದ ವಿಯೆನ್ನಾಕ್ಕೇ ನುಗ್ಗಿದ. ಊರಿಗೆ ಊರೇ ಹೊತ್ತಿ ಉರಿಯುವಾಗ ಇವರು ಕೂತು ಅಷ್ಟು ಅಚ್ಚುಕಟ್ಟಾಗಿ ಹೇಗೆ ಬರೆದರು? ಆ ಗಲಾಟೆ ಈ ಸಂಗೀತದಲ್ಲಿ ಎಲ್ಲಾದರೂ ಕೇಳಿಸುತ್ತಾ? ಅಥವಾ ನನ್ನ ಕಿವಿ ಸಾಲದಾ?

ರಾಗ ತಾಳ ಗೊತ್ತಿಲ್ಲ:
ಮೇಡಂ, ನನಗೆ ಮೊಜಾರ್ಟ್ ಗೊತ್ತಾದದ್ದು ವಾಚಿನ ಜಾಹೀರಾತಿನಿಂದ. ಉತ್ತರ ನನ್ನ ಹತ್ತಿರ ಇಲ್ಲ. ಸುಮ್ನೆ ಮುಂದಿನ ಬೆಂಚಿನಲ್ಲಿ ಕೂತಿರುತ್ತೇನೆ.

ಹಳೇ ರೇಡಿಯೋ:
ಒಳ್ಳೆಯ ಪ್ರಶ್ನೆ ಕೇಳಿದಿರಮ್ಮ. ನಾನು ಇದನ್ನೆಲ್ಲ ಕೇಳಲು ಶುರು ಮಾಡಿದ್ದು ಶಾರ್ಟ್‌ವೇವ್ ರೇಡಿಯೋದಲ್ಲಿ. ಗರಗರ ಸದ್ದಿನ ನಡುವೆ ಹೈಡನ್. ಹಾಗಾಗಿ ನನಗೆ ಹೈಡನ್ ಯಾವತ್ತೂ ಶಾಂತವಾಗಿ ಕೇಳಿಸಲೇ ಇಲ್ಲ!

ತಮಾಷೆ ಇರಲಿ. ನೀವು ಯುದ್ಧ, ಕ್ರಾಂತಿ ಅಂತ ದೊಡ್ಡದನ್ನೇ ಹುಡುಕುತ್ತಿದ್ದೀರಿ. ಮೊದಲು ಸಂಬಳದ ಕಡೆ ನೋಡಿ. 1761ರಲ್ಲಿ ಹೈಡನ್ ಎಸ್ತರ್‌ಹಾಜಿ ಎಂಬ ಶ್ರೀಮಂತ ದೊರೆಗಳ ಮನೆತನದ ಆಸ್ಥಾನಕ್ಕೆ ಸೇರಿದ. ಕರಾರು ಪತ್ರದಲ್ಲಿ ಏನಿತ್ತು ಗೊತ್ತಾ? ಬಿಳಿ ಕಾಲುಚೀಲ ಹಾಕಬೇಕು, ತಲೆಗೆ ಪುಡಿ ಬಳಿದುಕೊಳ್ಳಬೇಕು, ದಿನಾ ಬೆಳಿಗ್ಗೆ ಮತ್ತು ಮಧ್ಯಾಹ್ನದ ಮೇಲೆ ದೊರೆಯ ಕೋಣೆಯ ಹೊರಗೆ ನಿಂತು "ಇವತ್ತು ಸಂಗೀತ ಬೇಕಾ?" ಅಂತ ಅಪ್ಪಣೆ ಕೇಳಬೇಕು. ಬರೆದದ್ದೆಲ್ಲ ದೊರೆಯ ಸೊತ್ತು. ಅಂದರೆ ಮನೆಯ ಆಳು.

1772ರಲ್ಲಿ ದೊರೆ ಬೇಸಿಗೆ ಅರಮನೆ ಬಿಟ್ಟು ಬರಲೇ ಇಲ್ಲ. ವಾದ್ಯದವರ ಹೆಂಡತಿ ಮಕ್ಕಳು ದೂರದ ಊರಿನಲ್ಲಿ. ಹೈಡನ್ ಬಾಯಿ ತೆರೆದು ಒಂದು ಮಾತೂ ಆಡಲಿಲ್ಲ. ಒಂದು ಸಿಂಫನಿ, ಅಂದರೆ ಇಡೀ ವಾದ್ಯವೃಂದ ನುಡಿಸುವ ದೊಡ್ಡ ಕೃತಿ, ಬರೆದ, 45ನೆಯದು. ಕೊನೆಯ ಭಾಗದಲ್ಲಿ ಒಬ್ಬೊಬ್ಬರೇ ತಮ್ಮ ಪಾಲು ಮುಗಿಸಿ, ಮೇಣದ ಬತ್ತಿ ಆರಿಸಿ, ಎದ್ದು ಹೋಗುತ್ತಾರೆ. ಕೊನೆಗೆ ಉಳಿಯುವುದು ಎರಡೇ ಪಿಟೀಲು. ದೊರೆಗೆ ಅರ್ಥವಾಯಿತು, ಮರುದಿನವೇ ಗಂಟುಮೂಟೆ ಕಟ್ಟಿಸಿದ. ಬಾಸ್ಟೀಲಿಗೆ ಇನ್ನೂ ಹದಿನೇಳು ವರ್ಷ ಇತ್ತು.

ಶ್ರುತಿಪೆಟ್ಟಿಗೆ:
ಕಥೆ ಚೆನ್ನಾಗಿದೆ ಸಾರ್. ಆದರೆ ನನ್ನದೊಂದು ತಕರಾರು. ಸ್ವರಕ್ಕೆ ರಾಜಕೀಯ ಇಲ್ಲ. ಆ ಬತ್ತಿ ಆರಿಸುವ ಕಥೆ ಗೊತ್ತಿಲ್ಲದೆ ರೆಕಾರ್ಡಿಂಗ್ ಮಾತ್ರ ಕೇಳಿದವನಿಗೆ "ಯಾಕೋ ಕೊನೆಗೆ ಸದ್ದು ಕಡಿಮೆಯಾಯಿತು" ಅನಿಸುತ್ತದೆ, ಅಷ್ಟೇ. ಕಥೆಯನ್ನು ನಾವು ಹೊರಗಿನಿಂದ ತಂದು ಅಂಟಿಸುತ್ತೇವೆ. ಜಾಸ್ತಿ ಓದಿಕೊಂಡವರಿಗೆ ಜಾಸ್ತಿ ಕೇಳಿಸುತ್ತದೆ.

ಪಿಟೀಲು ಹುಡುಗಿ:
ಇಲ್ಲ ಸಾರ್, ಅದು ಪೂರ್ತಿ ಸರಿಯಲ್ಲ ಅನಿಸುತ್ತೆ. ಕೊನೆಯಲ್ಲಿ ಎರಡು ಪಿಟೀಲು ಮಾತ್ರ ಸಣ್ಣಗೆ ನುಡಿಯುವಾಗ ಕಥೆ ಗೊತ್ತಿಲ್ಲದಿದ್ದರೂ ಏನೋ ಖಾಲಿಯಾದ ಹಾಗೆ ಆಗುತ್ತದೆ. ನನಗೆ ಮೊದಲ ಸಲ ಹಾಗೇ ಆಗಿತ್ತು. ಕಥೆ ಈಗಲೇ ಗೊತ್ತಾಗಿದ್ದು.

ಇತಿಹಾಸದ ಮೇಷ್ಟ್ರು:
ನಾನು ಸಂಗೀತದವನಲ್ಲ, ಶ್ರೀರಂಗಪಟ್ಟಣದ ಪಕ್ಕದಲ್ಲಿ ಮಕ್ಕಳಿಗೆ ಇತಿಹಾಸ ಹೇಳಿಕೊಡುವವನು. ಒಂದು ತಾರೀಖು ಹೇಳುತ್ತೇನೆ, ನೀವೇ ನೋಡಿ. 1788ರ ಆಗಸ್ಟ್ 10.

ಆ ದಿನ ವಿಯೆನ್ನಾದಲ್ಲಿ ಮೊಜಾರ್ಟ್ ತನ್ನ ಕೊನೆಯ ಸಿಂಫನಿ ಬರೆದು ಮುಗಿಸಿದ, ಜೂಪಿಟರ್ ಅಂತ ಕರೆಯುತ್ತಾರಲ್ಲ, ಅದು. ಅದೇ ದಿನ ವರ್ಸಾಯ್ ಅರಮನೆಯಲ್ಲಿ ಹದಿನಾರನೇ ಲೂಯಿ ಟಿಪ್ಪು ಸುಲ್ತಾನನ ಮೂವರು ರಾಯಭಾರಿಗಳಿಗೆ ದರ್ಶನ ಕೊಟ್ಟ. ಇಂಗ್ಲಿಷರ ವಿರುದ್ಧ ಸಹಾಯ ಕೇಳಲು ಹೋದವರು ಅವರು. ಲೂಯಿಯ ಖಜಾನೆ ಆಗಲೇ ಬರಿದು. ಒಳ್ಳೆಯ ಮಾತು, ಪಿಂಗಾಣಿ ಉಡುಗೊರೆ ಸಿಕ್ಕವು, ಸೈನ್ಯ ಸಿಗಲಿಲ್ಲ.

ಪ್ಯಾರಿಸ್ಸಿನಲ್ಲಿದ್ದಾಗ ಆ ರಾಯಭಾರಿಗಳು ಒಪೆರಾ, ಅಂದರೆ ಹಾಡಿನ ನಾಟಕ, ನೋಡಲು ಹೋಗಿದ್ದರು. ರಾಣಿಯ ಚಿತ್ರ ಬರೆಯುತ್ತಿದ್ದ ಎಲಿಸಬೆತ್ ವಿಜೆ ಲೆ ಬ್ರನ್ ಅವರನ್ನು ನೋಡಿದ್ದು ಅಲ್ಲೇ. ಬಿಳಿ ಮಸ್ಲಿನ್ ನಿಲುವಂಗಿ, ಸೊಂಟದಲ್ಲಿ ಕತ್ತಿ, ಆಳೆತ್ತರದ ರಾಯಭಾರಿ ದರ್ವೇಶ್ ಖಾನ್. ಚಿತ್ರ ಬರೆಯಲೇಬೇಕು ಅಂತ ಹಟ ಹಿಡಿದಳು. ಬರೆದಾದ ಮೇಲೆ ಅವರು ಅದನ್ನು ಕೊಡದೆ ಮಂಚದ ಹಿಂದೆ ಬಚ್ಚಿಟ್ಟರಂತೆ, ಅವಳೇ ತನ್ನ ನೆನಪುಗಳಲ್ಲಿ ಹೇಳಿಕೊಂಡಿದ್ದಾಳೆ. ಆ ಚಿತ್ರ 1789ರ ಕಲಾ ಪ್ರದರ್ಶನದಲ್ಲಿ ಗೋಡೆಗೇರುವಷ್ಟರಲ್ಲಿ ಬಾಸ್ಟೀಲ್ ಬಿದ್ದಿತ್ತು. ಅಕ್ಟೋಬರಿನಲ್ಲಿ ಚಿತ್ರಗಾರ್ತಿಯೇ ಮಗಳನ್ನು ಕರೆದುಕೊಂಡು ದೇಶ ಬಿಟ್ಟು ಓಡಿದಳು.

ಪಿಟೀಲು ಹುಡುಗಿ:
ಒಂದೇ ದಿನಾನಾ? ಅಯ್ಯೋ, ಮೈ ಜುಂ ಅಂತು ಮೇಷ್ಟ್ರೇ!

ಶ್ರುತಿಪೆಟ್ಟಿಗೆ:
ಮೈ ಜುಂ ಅನ್ನಲಿ, ಆದರೆ ಅದು ಕಾಕತಾಳೀಯ. ಮೊಜಾರ್ಟ್‌ಗೆ ಮೈಸೂರು ಎಲ್ಲಿದೆ ಅಂತಲೂ ಗೊತ್ತಿರಲಿಕ್ಕಿಲ್ಲ. ಜೂಪಿಟರಿನ ಕೊನೆಯಲ್ಲಿ ಐದು ಎಳೆಗಳನ್ನು ಒಟ್ಟಿಗೆ ಹೆಣೆದನಲ್ಲ, ಅದಕ್ಕೂ ಲೂಯಿಯ ಖಜಾನೆಗೂ ಏನು ಸಂಬಂಧ?

ಇತಿಹಾಸದ ಮೇಷ್ಟ್ರು:
ಸಂಬಂಧ ಇದೆ ಅಂತ ನಾನು ಹೇಳಲೇ ಇಲ್ಲವಲ್ಲ ಸ್ವಾಮಿ. ಒಂದೇ ಆಕಾಶದ ಕೆಳಗೆ ಇದ್ದರು ಅಂದೆ.

ಹಳೇ ರೇಡಿಯೋ:
ಶ್ರುತಿಪೆಟ್ಟಿಗೆಯವರೇ, ಲೂಯಿಯ ಖಜಾನೆ ಬಿಡಿ, ಮೊಜಾರ್ಟನ ಜೇಬಿನ ಕಥೆ ಕೇಳಿ. 1788ರ ಫೆಬ್ರವರಿಯಲ್ಲಿ ಆಸ್ಟ್ರಿಯಾ ತುರ್ಕರ ಮೇಲೆ ಯುದ್ಧಕ್ಕೆ ಇಳಿಯಿತು. ಕಛೇರಿಗೆ ದುಡ್ಡು ಕೊಡುತ್ತಿದ್ದ ಶ್ರೀಮಂತರು ಕೆಲವರು ದಂಡಿಗೆ ಹೋದರು, ಕೆಲವರು ಹಳ್ಳಿಯ ಜಮೀನಿಗೆ ಹೋದರು. ಸಾಮಾನಿನ ಬೆಲೆ ಏರಿತು. ಮುಂಚೆ ಚಂದಾ ಕಛೇರಿಗೆ ಜನ ಸಾಲುಗಟ್ಟುತ್ತಿದ್ದ ಮೊಜಾರ್ಟ್‌ಗೆ ಈಗ ಕೇಳುವವರಿಲ್ಲ. ಆ ಬೇಸಿಗೆಯಲ್ಲೇ ಪುಖ್‌ಬರ್ಗ್ ಎಂಬ ವ್ಯಾಪಾರಿ ಗೆಳೆಯನಿಗೆ ಸಾಲ ಕೇಳಿ ಒಂದರ ಮೇಲೊಂದು ಕಾಗದ. ಅದೇ ಬೇಸಿಗೆಯಲ್ಲಿ ಆರು ವಾರ ಚಿಲ್ಲರೆಯಲ್ಲಿ ಮೂರು ಸಿಂಫನಿ.

ಹೊಟ್ಟೆಗಿಲ್ಲದ್ದು ಜೂಪಿಟರಿನಲ್ಲಿ ಕೇಳಿಸುತ್ತಾ ಅಂದರೆ, ಇಲ್ಲ. ಒಂದು ಚೂರೂ ಇಲ್ಲ. ಹಬ್ಬದ ಊಟದ ಹಾಗಿದೆ ಅದು. ಆ ಮೂರರಲ್ಲೇ 40ನೆಯದು ಮಾತ್ರ ಬೇರೆ, ಮೊದಲ ಕ್ಷಣದಿಂದಲೇ ಚಡಪಡಿಕೆ. ಯಾವುದು ಜೇಬಿನಿಂದ ಬಂತು, ಯಾವುದು ತಲೆಯಿಂದ ಬಂತು, ಯಾರು ಬಲ್ಲರು?

ರಾಗ ತಾಳ ಗೊತ್ತಿಲ್ಲ:
ಮೊಜಾರ್ಟ್ ಸತ್ತಾಗ ಅವನನ್ನು ಭಿಕ್ಷುಕರ ಗುಂಡಿಯಲ್ಲಿ ಹಾಕಿದರು ಅಂತ ಕೇಳಿದ್ದೆ, ನಿಜಾನಾ?

ಡ್ಯಾನ್ಯೂಬ್ ದಂಡೆ:
ಅಲ್ಲ. ನಾನು ವಿಯೆನ್ನಾದಲ್ಲೇ ಇದ್ದೇನೆ, ಕೆಲಸಕ್ಕಾಗಿ ಬಂದು ಆರು ವರ್ಷ. ಇಲ್ಲಿ ಯಾರನ್ನು ಕೇಳಿದರೂ ಇದನ್ನು ಮೊದಲು ತಿದ್ದುತ್ತಾರೆ. ಚಕ್ರವರ್ತಿ ಎರಡನೇ ಜೋಸೆಫ್ ಸುಧಾರಣೆಯ ಹುಚ್ಚಿನವನು. ಸಾವಿನ ಖರ್ಚೂ ಕಡಿಮೆಯಾಗಬೇಕು ಅಂತ ಕಾನೂನು ತಂದಿದ್ದ. ಊರ ಹೊರಗಿನ ಸ್ಮಶಾನ, ಮೆರವಣಿಗೆ ಇಲ್ಲ, ಸಮಾಧಿ ಕಲ್ಲು ಇಲ್ಲ. ಸಾಮಾನ್ಯ ಜನರಿಗೆಲ್ಲ ಆಗ ಅದೇ ರೀತಿ. ಹೀಗಾಗಿ ಜಾಗ ಯಾವುದು ಅಂತ ಮರೆತುಹೋಯಿತು.

ಇದೇ ಜೋಸೆಫ್ ಇನ್ನೊಂದು ವಿಚಿತ್ರ ಮಾಡಿದ್ದ. ಆಳು ಯಜಮಾನನನ್ನೇ ಬೇಸ್ತು ಬೀಳಿಸುವ ಬೋಮಾರ್ಶೆಯ ನಾಟಕ ವಿಯೆನ್ನಾದಲ್ಲಿ ಆಡಬಾರದು ಅಂತ ತಡೆ ಹಾಕಿದ. ಅದನ್ನೇ ಮೊಜಾರ್ಟ್ ಒಪೆರಾ ಮಾಡಿದಾಗ ಒಪ್ಪಿಕೊಂಡ. ಚುಚ್ಚುವ ಭಾಷಣಗಳನ್ನು ತೆಗೆದುಹಾಕಿದ್ದೇವೆ ಅಂದರು, ಆಯಿತು ಅಂದ. 1786ರ ಮೇ 1ಕ್ಕೆ ಫಿಗರೋ ರಂಗಕ್ಕೆ ಬಂತು. ಭಾಷಣ ಹೋಯಿತು, ಆದರೆ ಆಳು ಹಾಡುವ ಹಾಡಿನಲ್ಲಿ ಯಜಮಾನನನ್ನು ಕುಣಿಸುತ್ತೇನೆ ಅನ್ನುವ ಸೊಕ್ಕು ಹಾಗೇ ಉಳಿಯಿತು. ಕುಣಿತದ ಮಟ್ಟು ಯಾವುದು ಗೊತ್ತಾ? ಮಿನುಯೆಟ್, ದೊಡ್ಡವರ ಮನೆಯ ಕುಣಿತ. ಅವರ ಚಪ್ಪಲಿ ಹಾಕಿಕೊಂಡು ಅವರನ್ನೇ ತುಳಿದ ಹಾಗೆ. ಶ್ರುತಿಪೆಟ್ಟಿಗೆ ಸಾರ್, ಇದು ಅಂಟಿಸಿದ ಕಥೆಯಲ್ಲ, ಸ್ವರದೊಳಗೇ ಇದೆ ಅಲ್ವಾ?

ಶ್ರುತಿಪೆಟ್ಟಿಗೆ:
ಅದಕ್ಕೆ ಸಾಹಿತ್ಯ ಇದೆ, ಒಪ್ಪಿದೆ. ಸಾಹಿತ್ಯ ಇಲ್ಲದ ಒಂದು ಉದಾಹರಣೆ ಕೊಡಿ.

ಹಳೇ ರೇಡಿಯೋ:
ಹೈಡನ್ 100ನೇ ಸಿಂಫನಿ, 1794, ಲಂಡನ್. ದೊರೆ ತೀರಿಕೊಂಡು ಮಗ ವಾದ್ಯವೃಂದ ಬರಖಾಸ್ತು ಮಾಡಿದ್ದರಿಂದಲೇ ಹೈಡನ್ ಲಂಡನ್‌ಗೆ ಹೋಗುವ ಹಾಗಾಗಿದ್ದು. ಆಗ ಇಂಗ್ಲೆಂಡಿಗೂ ಫ್ರಾನ್ಸಿಗೂ ಯುದ್ಧ. ಎರಡನೇ ಭಾಗ ಮೆಲ್ಲಗೆ, ಮುದ್ದಾಗಿ ಶುರುವಾಗುತ್ತದೆ. ಇದ್ದಕ್ಕಿದ್ದಂತೆ ದೊಡ್ಡ ಡೋಲು, ತಾಳ, ತ್ರಿಕೋನದ ಗಂಟೆ. ಇದು ತುರ್ಕರ ದಂಡಿನ ವಾದ್ಯಗಳ ಗುಂಪು, ಯುರೋಪಿನವರು ಹೆದರಿ, ಆಮೇಲೆ ಮೆಚ್ಚಿ, ತಮ್ಮದಾಗಿಸಿಕೊಂಡದ್ದು. ಕೊನೆಗೆ ಹತ್ತಿರ ಬಂದಾಗ ಒಂಟಿ ಟ್ರಂಪೆಟ್ ದಂಡಿನ ಕರೆ ಊದುತ್ತದೆ. ನಗಾರಿ ಸಣ್ಣಗೆ ಶುರುವಾಗಿ ಏರುತ್ತಾ ಏರುತ್ತಾ ದಢಾರ್! ಇಯರ್‌ಫೋನ್ ಹಾಕಿದ್ದರೆ ಹುಷಾರು.

ಪಿಟೀಲು ಹುಡುಗಿ:
ಈಗ ಕೇಳಿದೆ ಸಾರ್. ಹುಷಾರು ಅಂದಿದ್ದನ್ನು ಆಮೇಲೆ ಓದಿದೆ.

ಇತಿಹಾಸದ ಮೇಷ್ಟ್ರು:
1798ರ ಬಗ್ಗೆ ಯಾರಾದರೂ ಹೇಳಿ. ಆ ವರ್ಷ ನೆಪೋಲಿಯನ್ ಈಜಿಪ್ಟಿಗೆ ಹೋದ. ಅಲ್ಲಿಂದ ಭಾರತಕ್ಕೆ ದಾರಿ ಮಾಡಿಕೊಳ್ಳುವ ಆಸೆ. ಆಗಸ್ಟ್ 1ರಂದು ನೈಲ್ ನದಿಯ ಬಾಯಲ್ಲಿ ಇಂಗ್ಲಿಷ್ ನೌಕಾಪಡೆಯ ನೆಲ್ಸನ್ ಅವನ ಹಡಗುಗಳನ್ನು ಸುಟ್ಟುಹಾಕಿದ. 1799ರ ಜನವರಿಯಲ್ಲಿ ನೆಪೋಲಿಯನ್ ಕೈರೋದಿಂದ ಟಿಪ್ಪುವಿಗೆ ಬರೆದ ಕಾಗದ ದಾರಿಯಲ್ಲೇ ಇಂಗ್ಲಿಷರ ಕೈಗೆ ಸಿಕ್ಕಿತು. ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು. ನಮ್ಮೂರಿನ ಮಕ್ಕಳಿಗೆ ಕೋಟೆಯ ಒಡೆದ ಗೋಡೆ ತೋರಿಸಿ ಇಷ್ಟೂ ಹೇಳುತ್ತೇನೆ. ಅದೇ ಹೊತ್ತಿನಲ್ಲಿ ಸಂಗೀತದವರು ಏನು ಮಾಡುತ್ತಿದ್ದರು?

ಹಳೇ ರೇಡಿಯೋ:
ಮೇಷ್ಟ್ರೇ, ಕೇಳಿದ್ದು ಒಳ್ಳೆಯದಾಯಿತು. 1798ರ ಜುಲೈ, ಆಗಸ್ಟ್‌ನಲ್ಲಿ ಹೈಡನ್ ಒಂದು ಪೂಜಾ ಸಂಗೀತ ಬರೆದ. ಅವನು ಇಟ್ಟ ಹೆಸರು "ಕಷ್ಟಕಾಲದ ಪೂಜೆ" ಅನ್ನೋ ಅರ್ಥದ್ದು. ಜನ ಕರೆಯುವುದು ನೆಲ್ಸನ್ ಮಾಸ್ ಅಂತ. ಅವನು ಬರೆದು ಮುಗಿಸುವ ಹೊತ್ತಿಗೆ ನೈಲ್ ಗೆಲುವಿನ ಸುದ್ದಿ ವಿಯೆನ್ನಾಕ್ಕೆ ತಲುಪಿಯೇ ಇರಲಿಲ್ಲ, ಹೆಸರು ಆಮೇಲೆ ಅಂಟಿಕೊಂಡದ್ದು. ಶ್ರುತಿಪೆಟ್ಟಿಗೆಯವರಿಗೆ ಇಲ್ಲಿ ಒಂದು ಅಂಕ!

ಆದರೆ ಮುಂದಿನದು ಕೇಳಿ. ಎಸ್ತರ್‌ಹಾಜಿ ಮನೆತನದ ಮುಂದಿನ ದೊರೆ ವಾದ್ಯವೃಂದ ಮತ್ತೆ ಕಟ್ಟಿದ್ದ, ಆದರೆ ಆ ಹೊತ್ತಿಗೆ ಖರ್ಚು ಕಡಿಮೆ ಮಾಡಲು ಊದುವ ವಾದ್ಯದವರನ್ನೆಲ್ಲ ಮನೆಗೆ ಕಳಿಸಿದ್ದ. ಓಬೋ ಇಲ್ಲ, ಬಸೂನ್ ಇಲ್ಲ, ಹಾರ್ನ್ ಇಲ್ಲ. ಹೈಡನ್‌ಗೆ ಉಳಿದದ್ದು ತಂತಿ ವಾದ್ಯ, ಆರ್ಗನ್. ಜೊತೆಗೆ ಮೂರು ಟ್ರಂಪೆಟ್, ನಗಾರಿ. ನಡುವೆ ಮೆತ್ತಗೆ ತುಂಬುವ ಬಣ್ಣವೇ ಇಲ್ಲ. ಕೆಳಗೆ ಪಿಟೀಲು ಕೊರೆಯುತ್ತದೆ, ಮೇಲೆ ತುತ್ತೂರಿ ಇರಿಯುತ್ತದೆ, ನಡುವೆ ಬಯಲು. ಶುರುವಿನ ಹತ್ತು ಸೆಕೆಂಡ್ ಸಾಕು. ಆ ಹೆದರಿಕೆಯ ಸದ್ದು ಬಂದದ್ದು ಕೆಲಸ ಕಳೆದುಕೊಂಡವರ ಖಾಲಿ ಕುರ್ಚಿಗಳಿಂದ.

ಶ್ರುತಿಪೆಟ್ಟಿಗೆ:
ಇದನ್ನು ಒಪ್ಪುತ್ತೇನೆ. ಪೂರ್ತಿ ಒಪ್ಪುತ್ತೇನೆ. ಯಾವ ವಾದ್ಯ ಇಲ್ಲ ಅನ್ನುವುದು ಕಿವಿಗೆ ಸಿಗುವ ವಿಷಯ. ನನ್ನ ಜಗಳ ಇದ್ದದ್ದು "ಇಲ್ಲಿ ಗಿಲೋಟಿನ್ ಬೀಳುತ್ತದೆ ಕೇಳಿ" ಅನ್ನುವವರ ಜೊತೆ.

ಇತಿಹಾಸದ ಮೇಷ್ಟ್ರು:
ಹಾಗಾದರೆ ಬೀಥೋವನ್ ನೆಪೋಲಿಯನ್ ಹೆಸರು ಹರಿದು ಎಸೆದ ಕಥೆ? ಅದೂ ಅಂಟಿಸಿದ್ದಾ?

ಡ್ಯಾನ್ಯೂಬ್ ದಂಡೆ:
ಅರ್ಧ. ನೆಪೋಲಿಯನ್ ತಾನೇ ಚಕ್ರವರ್ತಿ ಅಂತ ಸಾರಿದ್ದು 1804ರ ಮೇನಲ್ಲಿ. ಸುದ್ದಿ ಕೇಳಿ ಬೀಥೋವನ್ ಮೂರನೇ ಸಿಂಫನಿಯ ಮೊದಲ ಹಾಳೆ, ನೆಪೋಲಿಯನ್ ಬೊನಪಾರ್ಟ್‌ನ ಹೆಸರಿದ್ದದ್ದು, ಹರಿದ ಅಂತ ಅವನ ಶಿಷ್ಯ ರೀಸ್ ಹೇಳಿದ್ದಾನೆ. ಇಲ್ಲಿನ ಸಂಗೀತ ಸಂಘದ ಸಂಗ್ರಹದಲ್ಲಿ ಇರುವ ಪ್ರತಿಯಲ್ಲಿ ಬೊನಪಾರ್ಟ್ ಅಂತ ಇದ್ದ ಕಡೆ ಎಷ್ಟು ಜೋರಾಗಿ ಕೆರೆದಿದ್ದಾರೆ ಅಂದರೆ ಕಾಗದವೇ ತೂತು. ಆದರೆ ಅದೇ ಆಗಸ್ಟ್‌ನಲ್ಲಿ ಪ್ರಕಾಶಕರಿಗೆ ಬರೆದ ಕಾಗದದಲ್ಲಿ ಈ ಸಿಂಫನಿಯ ಹೆಸರು ನಿಜಕ್ಕೂ ಬೊನಪಾರ್ಟ್ ಅಂತಲೇ ಹೇಳುತ್ತಾನೆ! ಸಿಟ್ಟೂ ಇತ್ತು, ಮೋಹವೂ ಇತ್ತು. ಪ್ಯಾರಿಸ್ಸಿಗೆ ಹೋಗಿ ನೆಲೆಸುವ ಲೆಕ್ಕಾಚಾರವೂ ತಲೆಯಲ್ಲಿ ಇತ್ತು.

ಅವನ ಒಂದೇ ಒಂದು ಒಪೆರಾದ ಗತಿ ಕೇಳಿ. ಅನ್ಯಾಯವಾಗಿ ಜೈಲಿಗೆ ಬಿದ್ದ ಗಂಡನನ್ನು ಹೆಂಡತಿ ಗಂಡು ವೇಷದಲ್ಲಿ ಹೋಗಿ ಬಿಡಿಸುವ ಕಥೆ, ಫಿಡೇಲಿಯೋ. 1805ರ ನವೆಂಬರ್ 13ಕ್ಕೆ ಫ್ರೆಂಚ್ ಸೈನ್ಯ ವಿಯೆನ್ನಾದೊಳಗೆ ಬಂತು. ಒಪೆರಾದ ಮೊದಲ ಪ್ರದರ್ಶನ ನವೆಂಬರ್ 20. ಟಿಕೆಟ್ ಕೊಳ್ಳಬೇಕಿದ್ದವರೆಲ್ಲ ಊರು ಬಿಟ್ಟಿದ್ದರು. ಕುರ್ಚಿಗಳಲ್ಲಿ ಕೂತದ್ದು ಜರ್ಮನ್ ಬಾರದ ಫ್ರೆಂಚ್ ಅಧಿಕಾರಿಗಳು. ಮೂರು ಪ್ರದರ್ಶನಕ್ಕೆ ಅಂಗಡಿ ಬಂದ್.

ರಾಗ ತಾಳ ಗೊತ್ತಿಲ್ಲ:
ಪಾಪ. ಅವನಿಗೂ ದುಡ್ಡಿನ ತಾಪತ್ರಯ ಇತ್ತಾ?

ಹಳೇ ರೇಡಿಯೋ:
ಇರದೆ? 1809ರಲ್ಲಿ ಮೂವರು ದೊಡ್ಡ ಮನುಷ್ಯರು ಸೇರಿ "ನೀನು ಊರು ಬಿಡಬೇಡ, ವರ್ಷಕ್ಕೆ 4000 ಫ್ಲೋರಿನ್ ಕೊಡುತ್ತೇವೆ" ಅಂತ ಬರೆದುಕೊಟ್ಟರು. ಎರಡು ತಿಂಗಳಿಗೆ ನೆಪೋಲಿಯನ್ ಮತ್ತೆ ಬಂದ. ಫಿರಂಗಿ ಹೊಡೆಯುವ ರಾತ್ರಿ ಬೀಥೋವನ್ ತಮ್ಮನ ಮನೆಯ ನೆಲಮಾಳಿಗೆಯಲ್ಲಿ, ಕಿವಿಗೆ ದಿಂಬು ಒತ್ತಿಕೊಂಡು ಕೂತಿದ್ದನಂತೆ. ಉಳಿದಷ್ಟು ಕೇಳುವ ಶಕ್ತಿಯೂ ಹೋದೀತು ಅನ್ನುವ ಭಯ. ಯುದ್ಧದ ಖರ್ಚಿಗೆ ನೋಟು ಅಚ್ಚು ಹಾಕಿ ಹಾಕಿ 1811ರಲ್ಲಿ ಸರ್ಕಾರ ದಿವಾಳಿ. ಐದು ರೂಪಾಯಿಯ ಹಳೇ ನೋಟಿಗೆ ಒಂದು ರೂಪಾಯಿ ಹೊಸ ನೋಟು ಅಂದುಕೊಳ್ಳಿ.

ರಾಗ ತಾಳ ಗೊತ್ತಿಲ್ಲ:
ನಮ್ಮ ನೋಟು ರದ್ದಿನಲ್ಲಿ ಕ್ಯೂ ನಿಂತಿದ್ದು ನೆನಪಾಯಿತು. ಬೀಥೋವನ್ ನನಗೆ ಈಗ ಹತ್ತಿರದವನಾದ.

ಡ್ಯಾನ್ಯೂಬ್ ದಂಡೆ:
1809ರ ಮಾತು ಬಂತಲ್ಲ. ಹೈಡನ್ ಕೊನೆಗೆ ಇದ್ದ ಮನೆ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರ. ಈಗ ಮ್ಯೂಸಿಯಂ. ಪಕ್ಕದಲ್ಲೇ ದೊಡ್ಡ ಶಾಪಿಂಗ್ ಬೀದಿಯ ಗಲಾಟೆ, ಈ ಓಣಿಗೆ ತಿರುಗಿದರೆ ಸದ್ದಿಲ್ಲ. ಮೇಲಿನ ಮಹಡಿ ಅವನೇ ಕಟ್ಟಿಸಿಕೊಂಡದ್ದು, ಲಂಡನ್ ದುಡಿಮೆಯ ಮೇಲೆ. ಮೇ ತಿಂಗಳಲ್ಲಿ ಫಿರಂಗಿ ಗುಂಡು ಮನೆಯ ಹತ್ತಿರವೇ ಬಿತ್ತು. 77 ವರ್ಷದ ಮುದುಕ, ನಡುಗುತ್ತಿದ್ದ ಆಳುಕಾಳುಗಳಿಗೆ ಹೆದರಬೇಡಿ ಮಕ್ಕಳೇ, ಹೈಡನ್ ಇರುವ ಕಡೆ ಏನೂ ಆಗುವುದಿಲ್ಲ ಅಂದನಂತೆ. ಊರು ಶತ್ರುವಿನ ಕೈಗೆ ಹೋದ ಮೇಲೂ ದಿನಾ ಪಿಯಾನೋ ಮುಂದೆ ಕೂತು ತಾನೇ ಬರೆದ ಚಕ್ರವರ್ತಿಯ ಹಾಡು ನುಡಿಸುತ್ತಿದ್ದ. ಒಬ್ಬ ಫ್ರೆಂಚ್ ಅಧಿಕಾರಿ ನೋಡಲು ಬಂದು, ಹೈಡನ್ನನದೇ "ಸೃಷ್ಟಿ"ಯ ಒಂದು ಹಾಡು ಹಾಡಿದ. ಮುದುಕ ಅತ್ತುಬಿಟ್ಟ. ಮೇ 31ಕ್ಕೆ ತೀರಿಕೊಂಡ. ಎರಡು ವಾರ ಬಿಟ್ಟು ನಡೆದ ದೊಡ್ಡ ಪ್ರಾರ್ಥನೆಯಲ್ಲಿ ನುಡಿಸಿದ್ದು ಮೊಜಾರ್ಟ್‌ನ ರೆಕ್ವಿಯಂ, ಅಂದರೆ ಸತ್ತವರಿಗಾಗಿ ಬರೆದ ಪೂಜಾ ಸಂಗೀತ.

ಇಷ್ಟಕ್ಕೂ ಆ ಚಕ್ರವರ್ತಿಯ ಹಾಡು ಹುಟ್ಟಿದ್ದೇ ಹೊಟ್ಟೆಕಿಚ್ಚಿನಿಂದ. ಲಂಡನ್ನಿನಲ್ಲಿ ಜನ ಎದ್ದು ನಿಂತು "ಗಾಡ್ ಸೇವ್ ದಿ ಕಿಂಗ್" ಹಾಡುವುದನ್ನು ನೋಡಿದ್ದ. ಫ್ರಾನ್ಸಿನವರ ಹತ್ತಿರ 1792ರಿಂದ ಮಾರ್ಸೆಯೇಸ್ ಎಂಬ ಕ್ರಾಂತಿಯ ಹಾಡು ಇತ್ತು. ನಮಗೂ ಒಂದು ಬೇಕು ಅಂತ 1797ರಲ್ಲಿ ಮಾಡಿಕೊಟ್ಟ. ಇವತ್ತು ಅದೇ ಮಟ್ಟು ಜರ್ಮನಿಯ ರಾಷ್ಟ್ರಗೀತೆ.

ಪಿಟೀಲು ಹುಡುಗಿ:
ಅಯ್ಯೋ ನಿಲ್ಲಿ ನಿಲ್ಲಿ. "ಗಾಡ್ ಸೇವ್ ದಿ ಕಿಂಗ್" ನನಗೆ ಗೊತ್ತು! ಪಿಟೀಲಿನ ಎರಡನೇ ವರ್ಷದಲ್ಲಿ ನಮ್ಮ ಗುರುಗಳು ನೊಟ್ಟುಸ್ವರ ಹೇಳಿಕೊಟ್ಟಿದ್ದರು. ಮುತ್ತುಸ್ವಾಮಿ ದೀಕ್ಷಿತರ "ಸಂತತಂ ಪಾಹಿಮಾಂ ಸಂಗೀತ ಶ್ಯಾಮಳೇ" ಅದೇ ಮಟ್ಟು. ಮದರಾಸಿನ ಹತ್ತಿರ ಮಣಲಿಯಲ್ಲಿದ್ದಾಗ ಕಂಪನಿಯ ಬ್ಯಾಂಡ್ ಕೇಳಿ ದೀಕ್ಷಿತರು ಆ ಮಟ್ಟುಗಳಿಗೆ ಸಂಸ್ಕೃತದಲ್ಲಿ ಸಾಹಿತ್ಯ ಹಾಕಿದ್ದು. ಅವರ ತಮ್ಮ ಬಾಲುಸ್ವಾಮಿಯವರು ಪಿಟೀಲು ಕಲಿತದ್ದೂ ಆ ಹೊತ್ತಿನಲ್ಲೇ. ನನ್ನ ಕೈಯಲ್ಲಿ ಈ ವಾದ್ಯ ಇರುವುದೇ ಅದರಿಂದ.

ಅಂದರೆ ಒಂದೇ ಇಂಗ್ಲಿಷ್ ಹಾಡು ಕೇಳಿ ಅಲ್ಲಿ ಒಬ್ಬರು ತಮ್ಮ ರಾಜನಿಗೆ ಹಾಡು ಬರೆದರು, ಇಲ್ಲಿ ಒಬ್ಬರು ಅದೇ ಮಟ್ಟಿನಲ್ಲಿ ರಾಜನನ್ನು ತೆಗೆದು ದೇವಿಯನ್ನು ಕೂರಿಸಿದರು!

ಹಳೇ ರೇಡಿಯೋ:
ಬೀಥೋವನ್ ಕೂಡ ಅದರ ಮೇಲೆ ಪಿಯಾನೋಗೆ ಏಳು ಬಗೆ ಬರೆದಿದ್ದಾನೆ. ನಿಮಗೆ ಮನೆಪಾಠ: ಹೈಡನ್ ಆ ಚಕ್ರವರ್ತಿಯ ಹಾಡನ್ನು ನಾಲ್ಕು ತಂತಿ ವಾದ್ಯಗಳಿಗೆ ಹಂಚಿದ್ದಾನೆ, ಓಪಸ್ (ಕೃತಿ ಸಂಖ್ಯೆ) 76ರ ಮೂರನೆಯದು, ಎರಡನೇ ಭಾಗ. ಕೇಳಿ ಹೇಳಿ.

ಇತಿಹಾಸದ ಮೇಷ್ಟ್ರು:
ಕಂಪನಿಯ ಬ್ಯಾಂಡ್ ಅಂದಿರಿ. ಆ ಕಾಲದ ಇನ್ನೊಂದು ವಾದ್ಯ ನಮ್ಮೂರಿನಿಂದ ಹೋಗಿದೆ. ಟಿಪ್ಪುವಿನ ಮರದ ಹುಲಿ. ಹುಲಿಯ ಹೊಟ್ಟೆಯೊಳಗೆ 18 ಗುಂಡಿಗಳ ಸಣ್ಣ ಆರ್ಗನ್, ಕೆಳಗೆ ಬಿದ್ದ ಬಿಳಿಯ ಸೈನಿಕ, ಹಿಡಿ ತಿರುಗಿಸಿದರೆ ಅವನ ನರಳಾಟ, ಹುಲಿಯ ಗುರ್. 1808ರಿಂದ ಲಂಡನ್ನಿನ ಕಂಪನಿ ಕಚೇರಿಯಲ್ಲಿ ಇಟ್ಟರು. ಬಂದವರೆಲ್ಲ ಹಿಡಿ ತಿರುಗಿಸಿ ಓದುವ ಕೋಣೆಯವರ ತಲೆ ತಿಂದರಂತೆ. ಕೊನೆಗೆ ಹಿಡಿಯೇ ಕಾಣೆ!

ಪಿಟೀಲು ಹುಡುಗಿ:
ಮನೆಪಾಠ ಆಯಿತು ಸಾರ್. ಎರಡು ಸಲ ಕೇಳಿದೆ, ಮೂರನೇ ಸಲ ಜೊತೆಗೆ ನುಡಿಸಿದೆ. ನಮ್ಮಲ್ಲಿ ಸಂಗತಿ ಹಾಕುವಾಗ ಸಾಲೇ ಬದಲಾಗುತ್ತಾ ಬೆಳೆಯುತ್ತದೆ. ಇಲ್ಲಿ ಉಲ್ಟಾ. ಹಾಡು ಒಂದು ಸ್ವರವೂ ಬದಲಾಗುವುದಿಲ್ಲ. ಮೊದಲ ಪಿಟೀಲಿನಿಂದ ಎರಡನೆಯದಕ್ಕೆ, ಅಲ್ಲಿಂದ ಚೆಲ್ಲೋಗೆ, ವಯೋಲಾಗೆ, ಕೈಯಿಂದ ಕೈಗೆ ಹೋಗುತ್ತದೆ. ಸುತ್ತಲಿನದು ಮಾತ್ರ ಬದಲಾಗುತ್ತಾ ಹೋಗುತ್ತದೆ. ಊರಿಗೆ ಫಿರಂಗಿ ಬೀಳುವಾಗ ಅದನ್ನೇ ದಿನಾ ನುಡಿಸುತ್ತಿದ್ದ ಅಂತ ಗೊತ್ತಾದ ಮೇಲೆ... ಶ್ರುತಿಪೆಟ್ಟಿಗೆ ಸಾರ್, ಹೌದು, ಕಥೆ ಅಂಟಿಸಿಕೊಂಡೇ ಕೇಳಿದೆ. ಬೈಬೇಡಿ.

ಶ್ರುತಿಪೆಟ್ಟಿಗೆ:
ಬೈಯಲ್ಲ ಬಿಡಿ. ನಾನೂ ನೆಲ್ಸನ್ ಮಾಸ್ ಹಾಕಿಕೊಂಡು ಕೂತಿದ್ದೆ. ಪ್ರತಿ ಸಲ ಟ್ರಂಪೆಟ್ ನಿಂತಾಗ ಓಬೋ ಬರುತ್ತೆ ಅಂತ ಕಾದೆ. ಬರಲೇ ಇಲ್ಲ.

ರಾಗ ತಾಳ ಗೊತ್ತಿಲ್ಲ:
ನಾನು 100ನೆಯದನ್ನು ಸ್ಪೀಕರಿನಲ್ಲಿ ಹಾಕಿದೆ. ಮಲಗಿದ್ದ ಮಗು ಎದ್ದು ಕೂತಿದೆ, ಹೆಂಡತಿ ಮಾತಾಡುತ್ತಿಲ್ಲ. ಯಾರಾದರೂ ನಗಾರಿ ಇಲ್ಲದ್ದು ಒಂದು ಹೇಳಿ, ಬೇಗ.